ಕಾರ್ಲಾವ್ ಕಮಾಂಡರ್ ಡೆಕ್‌ಗೆ ಲೈಫ್ ಹೆಚ್ಚಿಸುವ ಯಾವ ಕಾರ್ಡ್‌ಗಳನ್ನು ಆರಿಸಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಕಮಾಂಡರ್ ಬಗೆಗಾಗಿ (ಇದರಲ್ಲಿ ಡೆಕ್ಕನ್ನು ಒಂದು ಮುಖ್ಯ ಕಾರ್ಡಿನ ಸುತ್ತ ಕಟ್ಟುತ್ತೇವೆ) ಬಿಳಿ ಮತ್ತು ಕಪ್ಪು ಬಣ್ಣಗಳ ಒಂದು ಡೆಕ್ ಕಟ್ಟುತ್ತಿದ್ದೇನೆ. ಕಮಾಂಡರ್ ಸ್ಥಾನಕ್ಕೆ ‘ಕಾರ್ಲಾವ್ ಆಫ್ ದಿ ಘೋಸ್ಟ್ ಕೌನ್ಸಿಲ್’ ಕಾರ್ಡನ್ನು ಆರಿಸಿದ್ದೇನೆ. 2015ರಲ್ಲಿ ಬಂದ ಈ 2/2 (ಹೊಡೆಯುವ ಬಲ ಎರಡು, ತಾಳುವ ಬಲ ಎರಡು) ಕ್ರೀಚರ್‌ಗೆ ಬೇಕಾಗುವುದು ಒಂದು ಬಿಳಿ, ಒಂದು ಕಪ್ಪು ಮಾನಾ (ಕಾರ್ಡ್ ಆಡಲು ಕೊಡುವ ಬೆಲೆ) ಮಾತ್ರ. ನನಗೆ ಲೈಫ್ (ಆಟದಲ್ಲಿ ಉಳಿಯಲು ಬೇಕಾದ ಅಂಕ) ಸಿಕ್ಕಾಗಲೆಲ್ಲ ಅದರ ಮೇಲೆ ಎರಡೂ ಬಲಗಳನ್ನು ಒಂದೊಂದು ಹೆಚ್ಚಿಸುವ ಎರಡು +1/+1 ಕೌಂಟರ್‌ಗಳು ಬೀಳುತ್ತವೆ. ಮತ್ತೆ ಅಂಥವೇ ಎರಡು ಮಾನಾ ಕೊಟ್ಟು ಆರು ಕೌಂಟರ್‌ಗಳನ್ನು ತೆಗೆದರೆ ಕಣದಲ್ಲಿರುವ ಯಾವುದಾದರೂ ಒಂದು ಕ್ರೀಚರ್ ಅನ್ನು ಎಕ್ಸೈಲ್ ಮಾಡಬಹುದು, ಅಂದರೆ ಆಟದಿಂದಲೇ ಹೊರಹಾಕಬಹುದು.

ನಮ್ಮ ಗುಂಪಿನಲ್ಲಿ ಯಾವಾಗಲೂ ನಾಲ್ವರು ಆಡುತ್ತೇವೆ. ಒಬ್ಬರದು ಕ್ರೆಂಕೊ ಕಮಾಂಡರ್ ಆಗಿರುವ ಗಾಬ್ಲಿನ್ ಡೆಕ್, ಇನ್ನೊಬ್ಬರದು ಹಸಿರಿನ ದೊಡ್ಡ ಕ್ರೀಚರ್‌ಗಳ ಡೆಕ್, ಮೂರನೆಯವರು ನೀಲಿ ಮತ್ತು ಕಪ್ಪಿನಲ್ಲಿ ಸ್ಪೆಲ್‌ಗಳನ್ನು ತಡೆಯುತ್ತ, ಆಗಾಗ ಕಣವನ್ನೆಲ್ಲ ಬರಿದು ಮಾಡುತ್ತ ಆಟವನ್ನು ದೀರ್ಘಕ್ಕೆ ಎಳೆಯುವವರು. ಲ್ಯಾಂಡ್‌ಗಳು, ಮಾನಾ ಕೊಡುವ ಆರ್ಟಿಫ್ಯಾಕ್ಟ್‌ಗಳು, ಎದುರಾಳಿಗಳ ಕಾರ್ಡ್‌ಗಳನ್ನು ತೆಗೆದುಹಾಕುವ ಸ್ಪೆಲ್‌ಗಳು ಇವೆಲ್ಲವನ್ನೂ ಕಳೆದರೆ ಲೈಫ್‌ಗೆ ಸಂಬಂಧಿಸಿದ ಕಾರ್ಡ್‌ಗಳಿಗೆ ಸುಮಾರು ಇಪ್ಪತ್ತು ಸ್ಥಾನಗಳು ಉಳಿಯುತ್ತವೆ. ನನ್ನ ಪಟ್ಟಿಯಲ್ಲಿರುವುದು ಅದರ ಎರಡರಷ್ಟು.

ಸೋಲ್ ವಾರ್ಡನ್, ಸೋಲ್ಸ್ ಅಟೆಂಡೆಂಟ್, ಸೂಚರ್ ಪ್ರೀಸ್ಟ್, ಅಥಾರಿಟಿ ಆಫ್ ದಿ ಕಾನ್ಸಲ್ಸ್, ಬ್ಲಡ್ ಆರ್ಟಿಸ್ಟ್, ಜುಲಾಪೋರ್ಟ್ ಕಟ್‌ಥ್ರೋಟ್, ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್, ಬ್ಲೈಂಡ್ ಒಬಿಡಿಯನ್ಸ್, ಕ್ರಿಪ್ಟ್ ಘಾಸ್ಟ್, ರಾಕ್ಸ್ ಫೇತ್‌ಮೆಂಡರ್, ಬೂನ್ ರಿಫ್ಲೆಕ್ಷನ್, ಆಲ್ಹಮರೆಟ್ಸ್ ಆರ್ಕೈವ್, ಚಾಪ್ಲಿನ್ಸ್ ಬ್ಲೆಸಿಂಗ್, ಏಂಜೆಲ್ ಆಫ್ ಮರ್ಸಿ, ವಿಟೋ, ಎಕ್ಸಾಂಗ್ವಿನೇಟ್, ಸೆರಾ ಅಸೆಂಡೆಂಟ್, ಫೆಲಿಡಾರ್ ಸಾವರಿನ್ – ಇವು ನಾನು ಹೆಚ್ಚು ಯೋಚಿಸುತ್ತಿರುವ ಹೆಸರುಗಳು. ಇವುಗಳನ್ನು ಒಂದಕ್ಕೊಂದು ಹೋಲಿಸಿ ತೂಗಲು ಯಾವ ಅಳತೆಯನ್ನು ಇಟ್ಟುಕೊಳ್ಳಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ. ಒಂದೇ ಸಲಕ್ಕೆ ಹೆಚ್ಚು ಲೈಫ್ ಕೊಡುವ ಕಾರ್ಡ್ ಒಳ್ಳೆಯದೋ, ಸ್ವಲ್ಪಸ್ವಲ್ಪವಾಗಿ ಕೊಡುತ್ತಲೇ ಇರುವ ಕಾರ್ಡ್ ಒಳ್ಳೆಯದೋ? ಸಿಗುವ ಲೈಫನ್ನು ಎರಡು ಪಟ್ಟು ಮಾಡುವ ಕಾರ್ಡ್‌ಗಳಿಗೆ ಇಲ್ಲಿ ಜಾಗವಿದೆಯೇ? ದಯವಿಟ್ಟು ಕಾರಣಸಹಿತವಾಗಿ ತಿಳಿಸಿ.

ಹಳೆಯ ಸ್ಲೀವ್:

ತುಂಗಾತೀರ ಅವರೇ, ನೀವು ಕೇಳಿರುವ ಅಳತೆ ನಿಮ್ಮ ಕಮಾಂಡರ್ ಕಾರ್ಡಿನ ಮೇಲೆಯೇ ಬರೆದಿದೆ. ಕಾರ್ಲಾವ್ ಎಣಿಸುವುದು ನಿಮಗೆ ಎಷ್ಟು ಲೈಫ್ ಬಂತು ಎಂಬುದನ್ನಲ್ಲ, ಎಷ್ಟು ಸಲ ಬಂತು ಎಂಬುದನ್ನು. ಒಂದೇ ಸಲಕ್ಕೆ 30 ಲೈಫ್ ಬಂದರೂ ಅದರ ಮೇಲೆ ಬೀಳುವುದು ಎರಡು ಕೌಂಟರ್. ಒಂದೊಂದೇ ಲೈಫ್ ಹತ್ತು ಸಲ ಬಂದರೆ ಬೀಳುವುದು ಇಪ್ಪತ್ತು. ಈ ಒಂದು ಮಾತನ್ನು ಹಿಡಿದುಕೊಂಡು ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಅರ್ಧಕ್ಕಿಂತ ಹೆಚ್ಚು ನಿರ್ಧಾರಗಳು ತಾವಾಗಿಯೇ ಆಗಿಬಿಡುತ್ತವೆ.

ಹಾಗೆ ಓದಿದಾಗ ಮೊದಲು ಹೊರಗೆ ಹೋಗಬೇಕಾದವು ಎರಡು ಪಟ್ಟು ಮಾಡುವ ಕಾರ್ಡ್‌ಗಳು. ರಾಕ್ಸ್ ಫೇತ್‌ಮೆಂಡರ್, ಬೂನ್ ರಿಫ್ಲೆಕ್ಷನ್, ಆಲ್ಹಮರೆಟ್ಸ್ ಆರ್ಕೈವ್ ಮೂರೂ ಮೊತ್ತವನ್ನು ಹೆಚ್ಚಿಸುತ್ತವೆಯೇ ಹೊರತು ಸಲವನ್ನು ಹೆಚ್ಚಿಸುವುದಿಲ್ಲ. ಸೋಲ್ ವಾರ್ಡನ್‌ನಿಂದ ಬರುವ ಒಂದು ಲೈಫ್ ಎರಡಾದರೂ ಅದು ಒಂದೇ ಸಲ ಬಂದ ಲೈಫ್, ಆದ್ದರಿಂದ ಕಾರ್ಲಾವ್‌ಗೆ ಅದರಿಂದ ಏನೂ ಹೆಚ್ಚು ಸಿಗದು. ನಾಲ್ಕೈದು ಮಾನಾ ಖರ್ಚು ಮಾಡಿ ಕಮಾಂಡರ್‌ಗೆ ಸಹಾಯವೇ ಆಗದ ಕಾರ್ಡನ್ನು ಕಣಕ್ಕಿಳಿಸುವುದು ಈ ಡೆಕ್‌ನಲ್ಲಿ ದುಬಾರಿ. ಓಲೋರೊ ಕಮಾಂಡರ್ ಆಗಿರುವ, ಮೊತ್ತವನ್ನೇ ನಂಬಿದ ಡೆಕ್ ಆಗಿದ್ದರೆ ನನ್ನ ಮಾತು ಬೇರೆಯಾಗಿರುತ್ತಿತ್ತು.

ಎರಡನೆಯದಾಗಿ, ಒಮ್ಮೆ ಕೊಟ್ಟು ಮುಗಿದುಹೋಗುವ ಕಾರ್ಡ್‌ಗಳು. ಚಾಪ್ಲಿನ್ಸ್ ಬ್ಲೆಸಿಂಗ್ ಒಂದು ಮಾನಾಕ್ಕೆ 5 ಲೈಫ್ ಕೊಡುತ್ತದೆ. ಇಬ್ಬರೇ ಆಡುವ, 20 ಲೈಫ್‌ನಿಂದ ಆರಂಭವಾಗುವ ಆಟದಲ್ಲಿ ಅದು ನಾಲ್ಕನೆಯ ಒಂದು ಭಾಗ. ಕಮಾಂಡರ್‌ನಲ್ಲಿ ಎಲ್ಲರೂ 40ರಿಂದ ಆರಂಭಿಸುತ್ತಾರೆ, ಹೊಡೆಯಲು ಮೂವರು ಎದುರಾಳಿಗಳಿರುತ್ತಾರೆ. ಕೈಯಿಂದ ಒಂದು ಕಾರ್ಡ್ ಕಳೆದುಕೊಂಡು ಪಡೆದ ಆ ಐದು ಲೈಫ್ ಯಾರೋ ಒಬ್ಬರ ಒಂದೇ ದಾಳಿಗೆ ಸಾಲುವುದಿಲ್ಲ. ಏಂಜೆಲ್ ಆಫ್ ಮರ್ಸಿ ಐದು ಮಾನಾಕ್ಕೆ ಮೂರು ಲೈಫ್ ಕೊಟ್ಟು 3/3 ಹಾರುವ ಕ್ರೀಚರ್ ಆಗಿ ಉಳಿಯುತ್ತದೆ, ಆದರೂ ಈ ಸ್ಥಾನಕ್ಕೆ ಸಾಲದು.

ಒಳಗೆ ಉಳಿಯಬೇಕಾದವುಗಳಲ್ಲಿ ಮೊದಲನೆಯದು ಸೋಲ್ ವಾರ್ಡನ್. ಬೇರೆ ಯಾವುದೇ ಕ್ರೀಚರ್, ಯಾರದೇ ಆಗಿರಲಿ, ಕಣಕ್ಕಿಳಿದಾಗ ನಿಮಗೆ ಒಂದು ಲೈಫ್ ಸಿಗುತ್ತದೆ. ಮೊದಲ ಸರದಿಯಲ್ಲಿ ಸೋಲ್ ವಾರ್ಡನ್, ಎರಡನೆಯ ಸರದಿಯಲ್ಲಿ ಕಾರ್ಲಾವ್ ಬಂದರೆ ಏನಾಗುತ್ತದೆ ನೋಡಿ. ಕಾರ್ಲಾವ್ ಕಣಕ್ಕಿಳಿದದ್ದಕ್ಕೇ ಒಂದು ಲೈಫ್ ಬರುತ್ತದೆ, ಆ ಲೈಫಿಗೆ ಕಾರ್ಲಾವ್ ತಕ್ಷಣ 4/4 ಆಗುತ್ತದೆ. ನಿಮ್ಮ ಮುಂದಿನ ಸರದಿ ಬರುವುದರೊಳಗೆ ಮೂವರು ಎದುರಾಳಿಗಳು ತಲಾ ಒಂದು ಕ್ರೀಚರ್ ಆಡಿದರೆ ಅದು 10/10 ಆಗಿ ದಾಳಿಗೆ ಸಿದ್ಧವಾಗಿರುತ್ತದೆ. ಕ್ರೆಂಕೊ ಒಂದೇ ಏಟಿಗೆ ಆರು ಗಾಬ್ಲಿನ್ ಟೋಕನ್‌ಗಳನ್ನು (ಡೆಕ್‌ನ ಕಾರ್ಡ್ ಅಲ್ಲದ ಕ್ರೀಚರ್‌ಗಳನ್ನು) ತಂದರೆ ಪ್ರತಿಯೊಂದು ಟೋಕನ್‌ಗೂ ಬೇರೆಬೇರೆ ಟ್ರಿಗರ್, ಅಂದರೆ ಕಾರ್ಡಿನ ಪರಿಣಾಮ ಬೇರೆಬೇರೆಯಾಗಿ ನಡೆಯುತ್ತದೆ. ಕಾರ್ಲಾವ್ ಮೇಲೆ ಹನ್ನೆರಡು ಕೌಂಟರ್, ಅಂದರೆ ಕ್ರೆಂಕೊವನ್ನೇ ಎಕ್ಸೈಲ್ ಮಾಡಿ ಇನ್ನೂ ಆರು ಉಳಿಯುವಷ್ಟು. ಸೋಲ್ಸ್ ಅಟೆಂಡೆಂಟ್ ಮಾಡುವುದೂ ಇದೇ ಕೆಲಸ. ಎರಡೂ ಕಣದಲ್ಲಿದ್ದರೆ ಟ್ರಿಗರ್‌ಗಳೂ ಎರಡು.

ಗ್ರೇ ಮರ್ಚೆಂಟ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಐದು ಮಾನಾ ಕೊಟ್ಟರೂ ಅದು ಲೈಫ್ ಕೊಡುವುದು ಒಂದೇ ಸಲ. ನಾನಾಗಿದ್ದರೆ ಆ ಸ್ಥಾನದಲ್ಲಿ ಲಿಂಗರಿಂಗ್ ಸೋಲ್ಸ್ ಇಡುತ್ತಿದ್ದೆ. ಮೂರು ಮಾನಾಕ್ಕೆ ಎರಡು ಹಾರುವ ಸ್ಪಿರಿಟ್ ಟೋಕನ್‌ಗಳು, ಆಮೇಲೆ ಗ್ರೇವ್‌ಯಾರ್ಡ್‌ನಿಂದ (ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಿಂದ) ಎರಡು ಮಾನಾಕ್ಕೆ ಇನ್ನೆರಡು. ಸೋಲ್ ವಾರ್ಡನ್ ಇದ್ದರೆ ಒಟ್ಟು ನಾಲ್ಕು ಟ್ರಿಗರ್. ಬಿಟರ್‌ಬ್ಲಾಸಮ್ ಸಹ ಹಾಗೆಯೇ: ನಿಮ್ಮ ಪ್ರತಿ ಸರದಿಯ ಆರಂಭದಲ್ಲಿ ಒಂದು ಲೈಫ್ ಕಳೆದು ಒಂದು ಹಾರುವ ಟೋಕನ್ ಕೊಡುತ್ತದೆ, ಸೋಲ್ ವಾರ್ಡನ್ ಆ ಲೈಫನ್ನು ಹಿಂದಿರುಗಿಸುತ್ತದೆ, ಆ ನಡುವೆ ಕಾರ್ಲಾವ್ ಎರಡು ಹೆಜ್ಜೆ ಬೆಳೆದಿರುತ್ತದೆ.

ಮೇಜಿನಂಚು:

ಎಷ್ಟು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯ ಎನ್ನುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಗ್ರೇ ಮರ್ಚೆಂಟ್ ಬಗ್ಗೆ ಒಪ್ಪುವುದಿಲ್ಲ. ಕಾರಣವನ್ನು ಹೇಳಬೇಕಾದರೆ ನಾಲ್ವರು ಆಡುವ ಆಟದಲ್ಲಿ ಕಾರ್ಡಿನ ಮೇಲಿನ ಸಣ್ಣಸಣ್ಣ ಪದಗಳನ್ನು ಹೇಗೆ ಓದಬೇಕು ಎಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಕಾರ್ಡಿನ ಮೇಲೆ ‘ಒಬ್ಬ ಎದುರಾಳಿ’ ಎಂದಿದೆಯೋ, ‘ಪ್ರತಿಯೊಬ್ಬ ಎದುರಾಳಿ’ ಎಂದಿದೆಯೋ ನೋಡಿ. ಗ್ರೇ ಮರ್ಚೆಂಟ್ ಕಣಕ್ಕಿಳಿದಾಗ ಪ್ರತಿಯೊಬ್ಬ ಎದುರಾಳಿಯೂ ನಿಮ್ಮ ಕಪ್ಪು ಡಿವೋಷನ್‌ನಷ್ಟು (ಕಣದಲ್ಲಿರುವ ನಿಮ್ಮ ಕಾರ್ಡ್‌ಗಳ ಬೆಲೆಯಲ್ಲಿನ ಕಪ್ಪು ಚಿಹ್ನೆಗಳಷ್ಟು) ಲೈಫ್ ಕಳೆದುಕೊಳ್ಳುತ್ತಾನೆ, ಅವರೆಲ್ಲ ಕಳೆದುಕೊಂಡ ಒಟ್ಟು ಮೊತ್ತ ನಿಮಗೆ ಬರುತ್ತದೆ. ಅದರ ಬೆಲೆಯಲ್ಲಿ ಎರಡು, ಕಾರ್ಲಾವ್‌ನ ಬೆಲೆಯಲ್ಲಿ ಒಂದು, ಹೀಗೆ ಮೂರು ಕಪ್ಪು ಚಿಹ್ನೆಗಳಿದ್ದರೆ ಮೂವರೂ ಮೂರು ಮೂರು ಕಳೆದುಕೊಂಡು ನಿಮಗೆ ಒಂಬತ್ತು ಸಿಗುತ್ತದೆ. ಇಬ್ಬರ ಆಟದಲ್ಲಿ ಇದೇ ಕಾರ್ಡ್ ಕೊಡುತ್ತಿದ್ದದ್ದು ಮೂರು ಮಾತ್ರ. ಕಾರ್ಲಾವ್‌ಗೆ ಒಂದೇ ಟ್ರಿಗರ್ ಸಿಗುವುದು ನಿಜ, ಆದರೆ ಕಾರ್ಲಾವ್ ಕಣದಲ್ಲಿ ಇಲ್ಲದ ದಿನವೂ ಈ ಡೆಕ್ ಆಡಬೇಕಲ್ಲವೇ? ನೀಲಿ-ಕಪ್ಪಿನ ಆಟಗಾರರು ಕಾರ್ಲಾವ್‌ನನ್ನು ಎರಡು ಸಲ ಕೊಂದರೆ, ಪ್ರತಿ ಸಲ ಬೆಲೆ ಎರಡು ಹೆಚ್ಚುವುದರಿಂದ, ಮೂರನೆಯ ಸಲ ಅದಕ್ಕೆ ಆರು ಮಾನಾ ಬೇಕು, ಹಾಕಿದ್ದ ಕೌಂಟರ್‌ಗಳೂ ಇರುವುದಿಲ್ಲ. ಆ ಹೊತ್ತಿನಲ್ಲಿ ಮೇಜಿನಲ್ಲಿರುವ ಮೂವರಿಗೂ ಒಟ್ಟಿಗೆ ಪೆಟ್ಟು ಕೊಡುವ ಕಾರ್ಡ್ ಕೈಯಲ್ಲಿರಬೇಕು.

ಎಕ್ಸ್‌ಟಾರ್ಟ್ ಇರುವ ಬ್ಲೈಂಡ್ ಒಬಿಡಿಯನ್ಸ್, ಕ್ರಿಪ್ಟ್ ಘಾಸ್ಟ್ ಎರಡನ್ನೂ ಇಟ್ಟುಕೊಳ್ಳಿ. ನೀವು ಯಾವುದೇ ಸ್ಪೆಲ್ ಆಡುವಾಗ ಬಿಳಿ ಅಥವಾ ಕಪ್ಪು ಮಾನಾ ಒಂದನ್ನು ಹೆಚ್ಚಾಗಿ ಕೊಟ್ಟರೆ ಪ್ರತಿಯೊಬ್ಬ ಎದುರಾಳಿಯಿಂದ ಒಂದೊಂದು ಲೈಫ್ ನಿಮಗೆ ಬರುತ್ತದೆ. ಎಕ್ಸ್‌ಟಾರ್ಟ್ ಇರುವ ಕಾರ್ಡ್‌ಗಳು ಎರಡಿದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಮಾನಾ ಕೊಡಬಹುದು, ಆಗ ಮೂರು ಮೂರು ಲೈಫ್ ಎರಡು ಸಲ ಬಂದಂತಾಗಿ ಕಾರ್ಲಾವ್‌ಗೆ ನಾಲ್ಕು ಕೌಂಟರ್. ಮೊತ್ತವನ್ನೂ ಸಲವನ್ನೂ ಒಟ್ಟಿಗೆ ಕೊಡುವ ಸಾಧನ ಈ ಎರಡು ಬಣ್ಣಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆಟ ಮುಂದುವರಿದು ಮಾನಾ ಉಳಿಯತೊಡಗಿದಾಗ ಒಂದು ಮಾನಾದ ಸಣ್ಣ ಸ್ಪೆಲ್ ಕೂಡ ಬೆಲೆ ಬಾಳುತ್ತದೆ.

ಒಂದೇ ಬಗೆಯವೆಂದು ಕಾಣುವ ಕೆಲವು ಜೋಡಿಗಳಲ್ಲಿ ಎಚ್ಚರ ಬೇಕು. ಸೂಚರ್ ಪ್ರೀಸ್ಟ್ ಸೋಲ್ ವಾರ್ಡನ್‌ನ ಹಾಗೆ ಕಂಡರೂ, ನಿಮ್ಮ ಕ್ರೀಚರ್ ಕಣಕ್ಕಿಳಿದಾಗ ಮಾತ್ರ ಲೈಫ್ ಕೊಡುತ್ತದೆ. ಎದುರಾಳಿಯ ಕ್ರೀಚರ್ ಬಂದರೆ ಅವನು ಒಂದು ಲೈಫ್ ಕಳೆದುಕೊಳ್ಳಬಹುದು, ನಿಮಗೇನೂ ಬರುವುದಿಲ್ಲ, ಕಾರ್ಲಾವ್ ಬೆಳೆಯುವುದೂ ಇಲ್ಲ. ಅಥಾರಿಟಿ ಆಫ್ ದಿ ಕಾನ್ಸಲ್ಸ್ ಇದಕ್ಕೆ ವಿರುದ್ಧ: ಎದುರಾಳಿಗಳ ಕ್ರೀಚರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಅವು ಟ್ಯಾಪ್ ಆಗಿಯೇ (ಬಳಸಿ ಮುಗಿದ ಸ್ಥಿತಿಯಲ್ಲೇ) ಕಣಕ್ಕೆ ಬರುತ್ತವೆ, ಜೊತೆಗೆ ಅದು ಎನ್‌ಚಾಂಟ್‌ಮೆಂಟ್ ಆದ್ದರಿಂದ ಕ್ರೀಚರ್‌ಗಳನ್ನೆಲ್ಲ ಅಳಿಸುವ ಸ್ಪೆಲ್ ಬಂದರೂ ಉಳಿಯುತ್ತದೆ. ಮೂವರು ಎದುರಾಳಿಗಳಿರುವಾಗ ನಾನು ಸೂಚರ್ ಪ್ರೀಸ್ಟ್‌ಗಿಂತ ಅಥಾರಿಟಿಯನ್ನು ಮೇಲೆ ಇಡುತ್ತೇನೆ. ಅದೇ ರೀತಿ ಬ್ಲಡ್ ಆರ್ಟಿಸ್ಟ್ ಯಾರ ಕ್ರೀಚರ್ ಸತ್ತರೂ ನೀವು ಆರಿಸಿದ ಒಬ್ಬರಿಂದ ಒಂದು ಲೈಫ್ ಎಳೆದು ನಿಮಗೆ ಕೊಡುತ್ತದೆ. ಜುಲಾಪೋರ್ಟ್ ಕಟ್‌ಥ್ರೋಟ್ ನಿಮ್ಮ ಕ್ರೀಚರ್ ಸತ್ತಾಗ ಮಾತ್ರ ಕೆಲಸ ಮಾಡುತ್ತದೆ. ಆಗ ಮೂವರೂ ಒಂದೊಂದು ಕಳೆದುಕೊಳ್ಳುತ್ತಾರೆ, ನಿಮಗೆ ಬರುವುದು ಮಾತ್ರ ಒಂದೇ. ಟೋಕನ್‌ಗಳು ತುಂಬಿರುವ ನಿಮ್ಮ ಮೇಜಿಗೆ ಬ್ಲಡ್ ಆರ್ಟಿಸ್ಟ್ ಹೆಚ್ಚು ಹೊಂದುತ್ತದೆ.

ಇನ್ನೊಂದು ವಿಷಯ ಕಾಲದ್ದು. ಲೈಫ್‌ಲಿಂಕ್ (ಕೊಟ್ಟ ಪೆಟ್ಟಿನಷ್ಟೇ ಲೈಫ್ ತರುವ ಗುಣ) ಇರುವ ಐದು ಟೋಕನ್‌ಗಳು ಒಟ್ಟಿಗೆ ಹೊಡೆದರೆ ನಿಯಮದ ಪ್ರಕಾರ ಅದು ಐದು ಪ್ರತ್ಯೇಕ ಸಲ ಲೈಫ್ ಬಂದಂತೆ, ಆದ್ದರಿಂದ ನಿಮ್ಮ ಕ್ರೀಚರ್‌ಗಳಿಗೆ ಆ ಗುಣ ಕೊಡುವ ವಾಲ್ಟ್ ಆಫ್ ದಿ ಆರ್ಕೇಂಜೆಲ್ ಎಂಬ ಲ್ಯಾಂಡ್ ಈ ಡೆಕ್‌ಗೆ ಬಹಳ ಉಪಯುಕ್ತ. ಆದರೆ ಆ ಲೈಫ್ ಬರುವುದು ಪೆಟ್ಟು ಬಿದ್ದ ಮೇಲೆ. ಅದೇ ದಾಳಿಯಲ್ಲಿ ಕಾರ್ಲಾವ್‌ನ ಪೆಟ್ಟೂ ಬಿದ್ದು ಮುಗಿದಿರುವುದರಿಂದ ಆ ಹತ್ತು ಕೌಂಟರ್‌ಗಳು ಮುಂದಿನ ದಾಳಿಗೆ ಮಾತ್ರ ಉಪಯೋಗ. ದಾಳಿಗೆ ಮೊದಲೇ, ಎದುರಾಳಿಗಳ ಸರದಿಗಳಲ್ಲಿಯೂ ಕೌಂಟರ್ ತುಂಬುವ ಕಾರ್ಡ್‌ಗಳಿಗೆ ಇಪ್ಪತ್ತರಲ್ಲಿ ಹೆಚ್ಚಿನ ಪಾಲು ಕೊಡಿ ಎಂದು ನಾನು ಹೇಳುವುದು ಈ ಕಾರಣಕ್ಕಾಗಿ.

ತುಂಗಾತೀರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಪಟ್ಟು ಮಾಡುವ ಮೂರು ಕಾರ್ಡ್‌ಗಳನ್ನೂ, ಚಾಪ್ಲಿನ್ಸ್ ಬ್ಲೆಸಿಂಗ್, ಏಂಜೆಲ್ ಆಫ್ ಮರ್ಸಿ, ಸೂಚರ್ ಪ್ರೀಸ್ಟ್‌ಗಳನ್ನೂ ತೆಗೆದಿದ್ದೇನೆ. ಲಿಂಗರಿಂಗ್ ಸೋಲ್ಸ್ ಸೇರಿಸಿ ಗ್ರೇ ಮರ್ಚೆಂಟ್ ಅನ್ನೂ ಉಳಿಸಿಕೊಂಡಿದ್ದೇನೆ.

ಈಗ ಉಳಿದಿರುವುದು ಆಟವನ್ನು ಮುಗಿಸುವ ಬಗೆ. ಆರಂಭದಲ್ಲೇ 40 ಲೈಫ್ ಇರುವುದರಿಂದ, ನಮ್ಮ ಅಪ್‌ಕೀಪ್‌ನಲ್ಲಿ (ಸರದಿಯ ಆರಂಭದಲ್ಲಿ) 40 ಲೈಫ್ ಇದ್ದರೆ ಗೆಲುವು ಕೊಡುವ ಫೆಲಿಡಾರ್ ಸಾವರಿನ್ ಸುಲಭವಾಗಿ ಗೆಲ್ಲಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಸ್ಯಾಂಗ್ವಿನ್ ಬಾಂಡ್ ಮತ್ತು ಎಕ್ಸ್‌ಕ್ವಿಸಿಟ್ ಬ್ಲಡ್ ಜೋಡಿಯನ್ನು ಹಾಕಿ ಎಂದು ಇನ್ನು ಕೆಲವರು. ನಮ್ಮ ಗುಂಪಿನಲ್ಲಿ ಬಹಳ ಬಿರುಸಿನ ಡೆಕ್‌ಗಳಿಲ್ಲ. ಇವುಗಳಲ್ಲಿ ಯಾವುದು ಸರಿ? ಲೈಫ್ ಗಳಿಸುವುದನ್ನೇ ತಡೆಯುವ ಕಾರ್ಡ್ ಎದುರಾದರೆ ಏನು ಮಾಡಬೇಕು?

ಕೊನೆಯ ಪ್ಲೇನ್ಸ್:

ಮೊದಲು ಕಾರ್ಲಾವ್‌ನಿಂದಲೇ ಮುಗಿಸುವ ಲೆಕ್ಕ ನೋಡೋಣ. ಒಬ್ಬ ಆಟಗಾರನಿಗೆ ಒಂದೇ ಕಮಾಂಡರ್‌ನಿಂದ ಒಟ್ಟು 21 ಅಂಕದಷ್ಟು ದಾಳಿಯ ಪೆಟ್ಟು ಬಿದ್ದರೆ ಅವನ ಲೈಫ್ ಎಷ್ಟೇ ಇದ್ದರೂ ಅವನು ಸೋತಂತೆ. 2/2 ಆಗಿ ಆರಂಭಿಸುವ ಕಾರ್ಲಾವ್ ಹತ್ತು ಟ್ರಿಗರ್‌ಗಳಲ್ಲಿ 22/22 ಆಗುತ್ತದೆ, ಅಂದರೆ ಒಂದು ಹೊಡೆತಕ್ಕೆ ಒಬ್ಬ ಎದುರಾಳಿ. ಐದು ಟ್ರಿಗರ್‌ಗಳಲ್ಲಿ 12/12, ಆಗ ಎರಡು ಹೊಡೆತ ಬೇಕು. ಈ ಡೆಕ್‌ನ ನಿಜವಾದ ಶಕ್ತಿ ಇಲ್ಲಿದೆ, ಅನಂತ ಕಾಂಬೊಗಳಲ್ಲಲ್ಲ.

ಕೊರತೆಯಿರುವುದು ಒಂದೇ ಕಡೆ. ಕಾರ್ಲಾವ್‌ಗೆ ಹಾರುವ ಶಕ್ತಿಯಿಲ್ಲ, ಟ್ರ್ಯಾಂಪಲ್ (ತಡೆದ ಕ್ರೀಚರ್ ಅನ್ನು ಮೀರಿ ಉಳಿದ ಪೆಟ್ಟು ಆಟಗಾರನಿಗೆ ಬೀಳುವ ಗುಣ) ಇಲ್ಲ. ಒಂದು ಗಾಬ್ಲಿನ್ ಟೋಕನ್ ಎದುರು ನಿಂತರೂ 22/22 ದಾಳಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಇಪ್ಪತ್ತು ಸ್ಥಾನಗಳಲ್ಲಿ ಎರಡು ಮೂರನ್ನಾದರೂ ದಾರಿ ಬಿಡಿಸುವ ಕಾರ್ಡ್‌ಗಳಿಗೆ ಕೊಡಿ. ವಿಸ್ಪರ್‌ಸಿಲ್ಕ್ ಕ್ಲೋಕ್ ತೊಟ್ಟ ಕ್ರೀಚರ್ ಅನ್ನು ಯಾರೂ ತಡೆಯಲಾರರು, ಯಾರೂ ಗುರಿಯಿಡಲಾರರು. ಲಾಕ್ಸೊಡಾನ್ ವಾರ್‌ಹ್ಯಾಮರ್ ಟ್ರ್ಯಾಂಪಲ್ ಜೊತೆಗೆ ಲೈಫ್‌ಲಿಂಕ್ ಕೊಡುತ್ತದೆ. ರೋಗ್ಸ್ ಪ್ಯಾಸೇಜ್ ಲ್ಯಾಂಡ್ ಆದ್ದರಿಂದ ಬೇರೆ ಸ್ಥಾನವನ್ನೇ ಕೇಳುವುದಿಲ್ಲ. ಆದರೆ ಅದು ಕಾರ್ಲಾವ್‌ಗೆ ಗುರಿಯಿಡಬೇಕಾದ ಕಾರಣ ಯಾರೂ ಗುರಿಯಿಡದಂತೆ ಮಾಡುವ ಲೈಟ್ನಿಂಗ್ ಗ್ರೀವ್ಸ್‌ನ ಶ್ರೌಡ್ ಇದ್ದರೆ ನಿಮಗೇ ಅಡ್ಡಿಯಾಗುತ್ತದೆ. ರೋಗ್ಸ್ ಪ್ಯಾಸೇಜ್ ಬಳಸುವುದಾದರೆ ಹೆಕ್ಸ್‌ಪ್ರೂಫ್ (ಎದುರಾಳಿಗಳ ಗುರಿಯನ್ನು ಮಾತ್ರ ತಡೆಯುವ ಗುಣ) ಕೊಡುವ ಸ್ವಿಫ್ಟ್‌ಫುಟ್ ಬೂಟ್ಸ್ ಸರಿ.

ಫೆಲಿಡಾರ್ ಸಾವರಿನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ಡೆಕ್‌ಗೆ ಬೇಡ. ಆರು ಮಾನಾ ಕೊಟ್ಟು ಕಣಕ್ಕಿಳಿಸಿದ ಮೇಲೆ ನಿಮ್ಮ ಮುಂದಿನ ಅಪ್‌ಕೀಪ್ ಬರುವವರೆಗೆ ಮೂವರ ಸರದಿಗಳು ದಾಟಬೇಕು. ಅಷ್ಟರೊಳಗೆ ಮೂವರೂ ತಮ್ಮ ಜಗಳ ಬಿಟ್ಟು ನಿಮ್ಮ ಮೇಲೆ ತಿರುಗುತ್ತಾರೆ, ತಿರುಗಲೇಬೇಕು. ಸೆರಾ ಅಸೆಂಡೆಂಟ್ ಬೇರೆ ಮಾತು. 30 ಲೈಫ್ ಇದ್ದರೆ 6/6 ಆಗಿ ಹಾರುವ, ಲೈಫ್‌ಲಿಂಕ್ ಇರುವ ಈ ಒಂದು ಮಾನಾದ ಕಾರ್ಡ್ 20 ಲೈಫ್‌ನ ಆಟವನ್ನು ಮನಸ್ಸಿನಲ್ಲಿಟ್ಟು ಮಾಡಿದಂಥದ್ದು. ಕಮಾಂಡರ್‌ನಲ್ಲಿ ಮೊದಲ ಸರದಿಯಲ್ಲೇ ಅದು ಪೂರ್ಣರೂಪದಲ್ಲಿರುತ್ತದೆ. ಶಕ್ತಿಶಾಲಿ ಕಾರ್ಡ್ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಬಿರುಸಿಲ್ಲದ ಮೇಜಿನಲ್ಲಿ ಮೊದಲ ಸರದಿಗೇ 6/6 ತಂದರೆ ಒಬ್ಬರ ಸಂಜೆ ಹಾಳಾಗುತ್ತದೆ. ಹಾಕುವ ಮೊದಲು ಗುಂಪಿನವರೊಂದಿಗೆ ಒಂದು ಮಾತು ಆಡಿ.

ಸ್ಯಾಂಗ್ವಿನ್ ಬಾಂಡ್, ಎಕ್ಸ್‌ಕ್ವಿಸಿಟ್ ಬ್ಲಡ್ ಜೋಡಿಯ ವಿಷಯದಲ್ಲಿಯೂ ಅಷ್ಟೇ. ನಿಮಗೆ ಲೈಫ್ ಬಂದರೆ ಮೊದಲನೆಯದು ಅಷ್ಟನ್ನು ಒಬ್ಬ ಎದುರಾಳಿಯಿಂದ ಕಳೆಯುತ್ತದೆ, ಎದುರಾಳಿ ಕಳೆದುಕೊಂಡರೆ ಎರಡನೆಯದು ಅಷ್ಟನ್ನು ನಿಮಗೆ ಕೊಡುತ್ತದೆ. ಎರಡೂ ಕಣದಲ್ಲಿದ್ದು ಒಂದೇ ಒಂದು ಲೈಫ್ ಅತ್ತಿತ್ತ ಆದರೆ ಸಾಕು, ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ ಮೂವರೂ ಸಾಯುತ್ತಾರೆ. ಡೆಕ್‌ಗಳನ್ನು ಬಲಕ್ಕೆ ತಕ್ಕಂತೆ ವಿಂಗಡಿಸಲು 2025ರಲ್ಲಿ ಪರಿಚಯವಾದ ಐದು ಹಂತಗಳ ಬ್ರ್ಯಾಕೆಟ್ ಪದ್ಧತಿಯಲ್ಲಿ, ಎರಡೇ ಕಾರ್ಡ್‌ಗಳ ಇಂಥ ಅನಂತ ಕಾಂಬೊಗಳು ಕೆಳಗಿನ ಎರಡು ಹಂತಗಳಿಗೆ ಸಲ್ಲವು ಎಂದಿದೆ. ನಿಮ್ಮ ಮೇಜು ಅಲ್ಲಿಯೇ ಇರುವಂತೆ ಕಾಣುತ್ತದೆ. ವಿಟೋ ಕೂಡ ಸ್ಯಾಂಗ್ವಿನ್ ಬಾಂಡ್‌ನ ಕೆಲಸವನ್ನೇ ಮೂರು ಮಾನಾಕ್ಕೆ ಮಾಡುವುದರಿಂದ ವಿಟೋವನ್ನು ಮಾತ್ರ ಇಟ್ಟುಕೊಂಡು ಎಕ್ಸ್‌ಕ್ವಿಸಿಟ್ ಬ್ಲಡ್ ಬಿಟ್ಟುಬಿಡಿ. ವಿಟೋ ಕಣದಲ್ಲಿರುವಾಗ ಎಕ್ಸಾಂಗ್ವಿನೇಟ್ ಅನ್ನು ಎಕ್ಸ್ (ನೀವು ಆರಿಸುವ ಸಂಖ್ಯೆ) ಎಂಟಾಗಿ, ಹತ್ತು ಮಾನಾಕ್ಕೆ ಆಡಿದರೆ ಮೂವರೂ ಎಂಟೆಂಟು ಕಳೆದುಕೊಳ್ಳುತ್ತಾರೆ, ನಿಮಗೆ 24 ಬರುತ್ತದೆ, ಆ 24ರ ಪೆಟ್ಟು ಮತ್ತೆ ಒಬ್ಬರಿಗೆ ಬೀಳುತ್ತದೆ. ಮೊತ್ತವನ್ನು ಎಣಿಸುವ ಕಾರ್ಡ್ ಈ ಡೆಕ್‌ನಲ್ಲಿ ಒಂದೆರಡು ಇರಬೇಕಾದದ್ದು ಈ ಕೊನೆಯ ಹೊಡೆತಕ್ಕಾಗಿ.

ತಡೆಯುವ ಕಾರ್ಡ್‌ಗಳ ವಿಷಯ. ಎರಬಾಸ್, ಗಾಡ್ ಆಫ್ ದಿ ಡೆಡ್ ಕಣದಲ್ಲಿದ್ದರೆ ಅದರ ಒಡೆಯನ ಎದುರಾಳಿಗಳು ಲೈಫ್ ಗಳಿಸುವಂತಿಲ್ಲ. ಟೈಂಟೆಡ್ ರೆಮಿಡಿ ಇದ್ದರೆ ಗಳಿಸಬೇಕಾದದ್ದನ್ನು ಕಳೆದುಕೊಳ್ಳುತ್ತಾರೆ. ಎರಡರಲ್ಲಿಯೂ ಕಾರ್ಲಾವ್‌ಗೆ ಟ್ರಿಗರ್ ಇಲ್ಲ, ಎರಡನೆಯದರಲ್ಲಿ ಸೋಲ್ ವಾರ್ಡನ್ ನಿಮ್ಮನ್ನೇ ಕೊಲ್ಲತೊಡಗುತ್ತದೆ. ಸೋಲ್ಸ್ ಅಟೆಂಡೆಂಟ್‌ನಲ್ಲಿ ಲೈಫ್ ಪಡೆಯುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು, ಸೋಲ್ ವಾರ್ಡನ್‌ನಲ್ಲಿ ಕಡ್ಡಾಯ ಎಂಬ ವ್ಯತ್ಯಾಸ ಮುಖ್ಯವಾಗುವುದು ಇಂಥಲ್ಲಿ. ಎರಬಾಸ್ ನಾಶವಾಗದ ದೇವರು, ಆದ್ದರಿಂದ ಮಾರ್ಟಿಫೈ ಅಂಥ ನಾಶಮಾಡುವ ಸ್ಪೆಲ್ ಸಾಲದು. ಎಕ್ಸೈಲ್ ಮಾಡುವ ಆಂಗ್ವಿಷ್ಡ್ ಅನ್‌ಮೇಕಿಂಗ್ ಅಥವಾ ಅಟರ್ ಎಂಡ್ ಬೇಕು. ಎರಡೂ ನಿಮ್ಮ ಬಣ್ಣಗಳಲ್ಲೇ ಇವೆ.

ಹಳೆಯ ಸ್ಲೀವ್:

ಗ್ರೇ ಮರ್ಚೆಂಟ್ ಬಗ್ಗೆ ಮೇಜಿನಂಚು ಅವರ ವಾದಕ್ಕೆ ತೂಕವಿದೆ. ನಿಮ್ಮ ಮೇಜಿನಲ್ಲಿ ಕಾರ್ಲಾವ್ ಪದೇಪದೇ ಸಾಯುವುದಾದರೆ ಉಳಿಸಿಕೊಳ್ಳುವುದೇ ಸರಿ.

ಯಾರೂ ಹೇಳದೆ ಉಳಿದದ್ದು ಕಾರ್ಡ್ ಎಳೆಯುವ ಮಾತು. ಒಂದೊಂದು ಮಾನಾದ ಸಣ್ಣ ಕ್ರೀಚರ್‌ಗಳನ್ನೇ ಆಡುತ್ತ ಹೋದರೆ ಕೈ ಬೇಗ ಬರಿದಾಗುತ್ತದೆ, ಆಮೇಲೆ ಕಣವನ್ನೆಲ್ಲ ಬರಿದು ಮಾಡುವ ಒಂದು ಬೋರ್ಡ್ ವೈಪ್ ಬಂದರೆ ಡೆಕ್ ಅಲ್ಲಿಗೇ ನಿಂತುಬಿಡುತ್ತದೆ. ಗಳಿಸಿದ ಲೈಫನ್ನು ಕಾರ್ಡ್‌ಗಳಾಗಿ ಬದಲಾಯಿಸುವ ಎರಡು ಸಾಧನಗಳನ್ನು ನಾನು ಸೂಚಿಸುತ್ತೇನೆ. ಡಾನ್ ಆಫ್ ಹೋಪ್ ಎರಡು ಮಾನಾದ ಎನ್‌ಚಾಂಟ್‌ಮೆಂಟ್. ಲೈಫ್ ಬಂದಾಗಲೆಲ್ಲ ಎರಡು ಮಾನಾ ಕೊಟ್ಟು ಒಂದು ಕಾರ್ಡ್ ಎಳೆಯಬಹುದು. ವೆಲ್ ಆಫ್ ಲಾಸ್ಟ್ ಡ್ರೀಮ್ಸ್ ಕಣಕ್ಕಿಳಿಯಲು ನಾಲ್ಕು ಮಾನಾ ಬೇಕು, ಆದರೆ ಅನಂತರ ಬಂದ ಲೈಫ್‌ನ ಮಿತಿಯೊಳಗೆ ಎಷ್ಟು ಮಾನಾ ಕೊಡುತ್ತೀರೋ ಅಷ್ಟು ಕಾರ್ಡ್. ಸೋಲ್ ವಾರ್ಡನ್‌ನ ಒಂದು ಲೈಫಿಗೆ ಒಂದು ಮಾನಾ ಕೊಟ್ಟು ಒಂದು ಕಾರ್ಡ್. ಗ್ರೇ ಮರ್ಚೆಂಟ್‌ನ ಒಂಬತ್ತು ಲೈಫಿಗೆ ಕೈಯಲ್ಲಿ ಉಳಿದ ಮಾನಾದಷ್ಟೂ ಕಾರ್ಡ್. ಎದುರಾಳಿಗಳ ಸರದಿಯಲ್ಲಿ ಸುಮ್ಮನೆ ನಿಂತ ಲ್ಯಾಂಡ್‌ಗಳಿಗೂ ಅದರಿಂದ ಕೆಲಸ ಸಿಗುತ್ತದೆ. ಎರಡಕ್ಕೂ ಜಾಗ ಸಾಲದಿದ್ದರೆ ವೆಲ್ ಅನ್ನು ಇಟ್ಟುಕೊಳ್ಳಿ. ಫೆಲಿಡಾರ್ ತೆಗೆದ ಸ್ಥಾನ ಹೇಗೂ ಖಾಲಿಯಿದೆ.